ಹಿತ್ತಲಿನ ಮೀನುಕೊಳ: ಗುದ್ದಲಿ ಹಿಡಿಯುವ ಮುನ್ನ ಹಾಕಬೇಕಾದ ಲೆಕ್ಕ

ಕಳೆದ ಕೆಲವು ವರ್ಷಗಳಿಂದ ನಮ್ಮ ವರ್ತಕ ಬಂಧುಗಳಲ್ಲಿ ಹಾಗೂ ಸಣ್ಣ ಕೈಗಾರಿಕೆಗಳ ಮಾಲೀಕರಲ್ಲಿ, ಮನೆಯ ಹಿತ್ತಲಿನಲ್ಲೋ ಕಾರ್ಖಾನೆಯ ಹಿಂಭಾಗದ ಖಾಲಿ ಜಾಗದಲ್ಲೋ ತಾವೇ ಮುಂದೆ ನಿಂತು ಒಂದು ಮೀನುಕೊಳವನ್ನು ನಿರ್ಮಿಸಿಕೊಳ್ಳುವ ಆಸಕ್ತಿ ಹೆಚ್ಚುತ್ತಿರುವುದು ಕಂಡುಬರುತ್ತಿದೆ. ಲೆಕ್ಕಪತ್ರಗಳ ಕೆಲಸಕ್ಕೆಂದು ಕಚೇರಿಗೆ ಬಂದವರು ಎದ್ದು ಹೊರಡುವಾಗ ಈ ವಿಷಯವಾಗಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಒಂದು, ಕಟ್ಟಲು ಎಷ್ಟು ಖರ್ಚಾದೀತು? ಇನ್ನೊಂದು, ಅದರಿಂದ ಬರುವ ಆದಾಯ ಕೃಷಿ ಆದಾಯವಲ್ಲವೇ? ಎರಡನೆಯದಕ್ಕೆ ಕಾನೂನಿನ ಉತ್ತರವಿದೆ. ಅದನ್ನು ಲೇಖನದ ಕೊನೆಯಲ್ಲಿ ವಿವರಿಸುತ್ತೇನೆ. ಮೊದಲನೆಯ ಪ್ರಶ್ನೆಯನ್ನು ಮಾತ್ರ ಸ್ವಲ್ಪ ತಿದ್ದಿ ಕೇಳಬೇಕಾಗಿದೆ. ಕೊಳಕ್ಕೆ ಕಟ್ಟುವ ಖರ್ಚು ಒಮ್ಮೆ ಮಾತ್ರ. ನೀರು, ವಿದ್ಯುತ್ತು, ಆಹಾರ ಮತ್ತು ನಿಗಾ ಇವು ದಿನನಿತ್ಯದ ಖರ್ಚುಗಳು. ಈ ನಿತ್ಯದ ಖರ್ಚನ್ನು ನಿರ್ಧರಿಸುವುದು ಕೊಳದ ಅಂದವಲ್ಲ, ಅದರಲ್ಲಿ ನಾವು ಬಿಡುವ ಮೀನುಗಳ ತೂಕ.

ಸಿಮೆಂಟು, ಹಾಳೆ, ಕೂಲಿಗಳ ದರ ಊರಿಂದೂರಿಗೆ ಬೇರೆ, ತಿಂಗಳಿಂದ ತಿಂಗಳಿಗೂ ಬೇರೆ. ಆದ್ದರಿಂದ ಇಲ್ಲಿ ರೂಪಾಯಿಗಳಿಗಿಂತ ಪರಿಮಾಣಗಳನ್ನೇ ಹೆಚ್ಚಾಗಿ ಕೊಟ್ಟಿದ್ದೇನೆ. ದರವನ್ನು ಓದುಗರು ತಮ್ಮ ತಮ್ಮ ಪೇಟೆಯಲ್ಲಿ ವಿಚಾರಿಸಿ ಗುಣಿಸಿಕೊಳ್ಳಬಹುದು. ವ್ಯಾಪಾರಸ್ಥರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಸ್ಥಳ ಮತ್ತು ಅಳತೆ

ಉದಾಹರಣೆಗಾಗಿ 5 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ನೀರಿನ ಆಳವಿರುವ ಒಂದು ಕೊಳವನ್ನು ತೆಗೆದುಕೊಳ್ಳೋಣ. ಇದರ ಘನ ಅಳತೆ 24 ಘನ ಮೀಟರ್, ಅಂದರೆ 24,000 ಲೀಟರ್. ಅಂಚಿನ ಇಳಿಜಾರು ಮತ್ತು ಒಂದು ಬದಿಯಲ್ಲಿ ಗಿಡಗಳಿಗಾಗಿ ಬಿಡುವ ಮೆಟ್ಟಿಲನ್ನು ಕಳೆದರೆ ವಾಸ್ತವವಾಗಿ ನಿಲ್ಲುವ ನೀರು ಸುಮಾರು 20,000 ಲೀಟರ್ ಎಂದಿಟ್ಟುಕೊಳ್ಳಬಹುದು. ಅಗೆದ ಮಣ್ಣು ಸಡಿಲಗೊಂಡಾಗ ಸುಮಾರು ಕಾಲು ಭಾಗ ಉಬ್ಬುವುದರಿಂದ 30 ಘನ ಮೀಟರ್ ಆಗುತ್ತದೆ. ಹತ್ತು ಟ್ರಾಕ್ಟರ್ ಟ್ರೇಲರುಗಳಷ್ಟು. ಈ ಮಣ್ಣು ಎಲ್ಲಿಗೆ ಹೋಗಬೇಕೆಂಬುದನ್ನು ಅಗೆತಕ್ಕೆ ಮೊದಲೇ ತೀರ್ಮಾನಿಸದಿದ್ದರೆ ಹಿತ್ತಲಿನಲ್ಲಿ ಕೊಳದ ಜೊತೆಗೆ ಒಂದು ಗುಡ್ಡವೂ ಏಳುತ್ತದೆ.

ಕಾಂಪೌಂಡ್ ಗೋಡೆ, ಮನೆಯ ತಳಪಾಯ ಇವುಗಳಿಂದ ಕನಿಷ್ಠ ಕೊಳದ ಆಳದಷ್ಟು ದೂರವಿರಲಿ. ಇನ್ನೂ ಹೆಚ್ಚಿದ್ದರೆ ಒಳಿತು. ಶೌಚಗುಂಡಿ, ಭೂಸಂಪರ್ಕದ ಗುಂಡಿ, ನೆಲದಡಿಯ ಕೊಳವೆಗಳು ಎಲ್ಲಿವೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ದೊಡ್ಡ ಮರದ ಕೆಳಗೆ ಕೊಳ ಬೇಡ. ಉದುರಿದ ಎಲೆ ತಳದಲ್ಲಿ ಕೊಳೆತು ಆಮ್ಲಜನಕವನ್ನು ಹೀರುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು, ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗ ನಮ್ಮ ಹವೆಗೆ ಉತ್ತಮ.

ಜಾಗವಿಲ್ಲದ ಪೇಟೆಬೀದಿಯ ಸದಸ್ಯರು ಗೋದಾಮಿನ ತಾರಸಿಯ ಮೇಲೆ ತೊಟ್ಟಿ ಕಟ್ಟಬಹುದೇ ಎಂದು ಕೇಳುತ್ತಾರೆ. 1.2 ಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ 1,200 ಕಿಲೋ ಭಾರ ಹಾಕುತ್ತದೆ. ಜನ ಓಡಾಡುವ ಸಾಮಾನ್ಯ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಬಳಕೆಯ ಭಾರಕ್ಕೆಂದು ವಿನ್ಯಾಸ ಮಾಡಿರುತ್ತಾರೆ. ಎಂಟು ಪಟ್ಟು! ಕಟ್ಟಡ ವಿನ್ಯಾಸ ಬಲ್ಲ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಇಂತಹ ಸಾಹಸಕ್ಕೆ ಕೈಹಾಕಕೂಡದು.

ಮಕ್ಕಳ ವಿಷಯ

ಬೇರೆಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ರಾಜ್ಯದಲ್ಲಿ 2014ರಿಂದ ಕೃಷಿಭಾಗ್ಯ ಯೋಜನೆಯಡಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳು ಹೆಚ್ಚಿನ ಸಂಖ್ಯೆಯಲ್ಲಿ ನಿರ್ಮಾಣವಾದವು. ಅವುಗಳಿಂದ ರೈತರಿಗೆ ಉಪಕಾರವಾದದ್ದು ನಿಜ. ಆದರೆ ಹೊಂಡಕ್ಕೆ ಬಿದ್ದು ಮಕ್ಕಳು ಮೃತಪಟ್ಟ ಸುದ್ದಿಯನ್ನೂ ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಒದ್ದೆಯಾದ ಹಾಳೆ ಪಾಚಿ ಕಟ್ಟಿ ಬೆಣ್ಣೆಯಂತೆ ಜಾರುತ್ತದೆ. ಈಜು ಬಲ್ಲ ದೊಡ್ಡವರಿಗೂ ಅದರ ಇಳಿಜಾರನ್ನು ಹತ್ತಿ ಬರಲಾಗುವುದಿಲ್ಲ. ಹಿತ್ತಲಿನ ಕೊಳ ಚಿಕ್ಕದು, ಆದರೆ ಅದು ಅಡುಗೆಮನೆಯ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿರುತ್ತದೆ. ನಡಿಗೆ ಕಲಿಯುತ್ತಿರುವ ಕೂಸಿಗೆ ಒಂದು ಅಡಿ ನೀರೂ ಸಾಕು.

ಆದ್ದರಿಂದ ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿಯೇ ಬೇಲಿಯನ್ನು ಬರೆಯಿರಿ, ಕೊನೆಯ ಸಾಲಿನಲ್ಲಲ್ಲ. ಕೊನೆಯಲ್ಲಿ ಬರೆದದ್ದು ಹಣ ಸಾಲದಾದಾಗ ಮೊದಲು ಬಿಟ್ಟುಹೋಗುತ್ತದೆ. ಮಗುವಿಗೆ ಹತ್ತಲಾಗದ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಳ್ಳ 1.2 ಮೀಟರ್ ಎತ್ತರದ ಬೇಲಿ ಇರಬೇಕು. ಇಲ್ಲವೇ ನೀರಿನ ಮೇಲ್ಮೈಗಿಂತ ಸ್ವಲ್ಪ ಮೇಲೆ ಮಗುವಿನ ಭಾರವನ್ನು ತಡೆಯುವ ಕಬ್ಬಿಣದ ಜಾಲರಿಯನ್ನು ಭದ್ರವಾಗಿ ಕೂರಿಸಬೇಕು. ಜೊತೆಗೆ ಗಂಟುಗಳನ್ನು ಹಾಕಿದ ದಪ್ಪ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಟ್ಟಿರಲಿ. ನೀರಿನಲ್ಲಿ ಮುಳುಗುವ ಪಂಪಿನ ವಿದ್ಯುತ್ ಸಂಪರ್ಕಕ್ಕೆ 30 ಮಿಲಿ ಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚನ್ನು ಕಡ್ಡಾಯವಾಗಿ ಅಳವಡಿಸಿ, ಕೊಳಕ್ಕೆ ಕೈ ಹಾಕುವ ಮೊದಲು ಪಂಪನ್ನು ನಿಲ್ಲಿಸುವ ಅಭ್ಯಾಸವಿಟ್ಟುಕೊಳ್ಳಬೇಕು.

ಹಾಳೆಯೋ ಸಿಮೆಂಟೋ

ಮಣ್ಣಿನ ಗುಣವನ್ನು ನೋಡಿ ಇದನ್ನು ತೀರ್ಮಾನಿಸಬೇಕು. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರಲ್ಲಿ ಕಟ್ಟಿದ ತೆಳುವಾದ ಸಿಮೆಂಟ್ ಗೋಡೆ ಎರಡು ಮೂರು ವರ್ಷಗಳಲ್ಲಿ ಸೀಳುಬಿಡುವ ಸಂಭವ ಹೆಚ್ಚು. ಅಲ್ಲಿ ಬಾಗುವ ಹಾಳೆಯೇ ವಾಸಿ. ಕರಾವಳಿಯ ಮುರಕಲ್ಲು ನೀರನ್ನು ಹಿಡಿದಿಡುವುದಿಲ್ಲ, ಅಲ್ಲಿಯೂ ಹಾಳೆ ಬೇಕು. ಕೋಲಾರ, ತುಮಕೂರಿನ ಗಟ್ಟಿ ಕೆಮ್ಮಣ್ಣಿನಲ್ಲಿ ಎರಡೂ ಸಾಧ್ಯ.

ಹಾಳೆಯನ್ನು ಕೊಳ್ಳುವಾಗ ಬಹುಮಂದಿ ಕೊಳದ ಮೇಲ್ಮೈ 20 ಚದರ ಮೀಟರ್ ಎಂದು ಲೆಕ್ಕ ಹಾಕಿ 25 ಚದರ ಮೀಟರ್ ತಂದುಬಿಡುತ್ತಾರೆ. ಸರಿಯಾದ ಲೆಕ್ಕ ಹೀಗಿದೆ: ಉದ್ದಕ್ಕೆ ಆಳದ ಎರಡರಷ್ಟನ್ನೂ, ದಡದ ಮೇಲೆ ಹೂಳಲು ಎರಡೂ ಕಡೆ ಅರ್ಧರ್ಧ ಮೀಟರನ್ನೂ ಕೂಡಿಸಬೇಕು. 5ಕ್ಕೆ 2.4 ಮತ್ತು 1 ಕೂಡಿದರೆ 8.4 ಮೀಟರ್. ಅಗಲಕ್ಕೂ ಹಾಗೆಯೇ, 7.4 ಮೀಟರ್. ಒಟ್ಟು 62 ಚದರ ಮೀಟರ್; ಮೇಲ್ಮೈಯ ಮೂರು ಪಟ್ಟು! ತುಂಡುಗಳನ್ನು ಜೋಡಿಸಿ ಅಂಟಿಸಿದ ಹಾಳೆ ಜೋಡಣೆಯಲ್ಲಿಯೇ ಸೋರುವುದರಿಂದ ಒಂದೇ ಹಾಳೆಯನ್ನು ಕೊಳ್ಳುವುದು ಮೇಲು. ನೇಯ್ದ ಪಾಲಿಎಥಿಲೀನ್ ಹಾಳೆಗಳಿಗೆ ಐಎಸ್ 15351 ಎಂಬ ಭಾರತೀಯ ಮಾನಕವಿದೆ. ಬಿಲ್ಲಿನಲ್ಲಿ ಈ ಸಂಖ್ಯೆಯನ್ನೂ ದಪ್ಪವನ್ನೂ ಬರೆಸಿಕೊಳ್ಳಿ. ಹಾಳೆಯಡಿಯಲ್ಲಿ ಕಲ್ಲು, ಬೇರುಗಳನ್ನು ಆರಿಸಿ ತೆಗೆದು ಎರಡು ಅಂಗುಲ ಮರಳು ಹಾಸಬೇಕು. ಬಿಸಿಲು ತಾಕುವ ಅಂಚು ಮೊದಲು ಸೀಳುವುದರಿಂದ ಅದನ್ನು ಚಪ್ಪಡಿಯಿಂದ ಮುಚ್ಚಬೇಕು.

ಸಿಮೆಂಟಿನ ತೊಟ್ಟಿಯಲ್ಲಿ ಬೇರೆ ತೊಡಕಿದೆ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಬಿಟ್ಟುಕೊಂಡು ಅದರ ಪಿಎಚ್ 10ನ್ನೂ ಮೀರುತ್ತದೆ. ಮೀನುಗಳಿಗೆ 6.5ರಿಂದ 8.5ರವರೆಗೆ ಹಿತ. ತುಂಬಿ, ಒಂದು ವಾರ ಬಿಟ್ಟು, ಖಾಲಿ ಮಾಡಿ, ಉಜ್ಜಿ ತೊಳೆದು ಮತ್ತೆ ತುಂಬುವುದನ್ನು ಮೂರು ನಾಲ್ಕು ಸಲ ಮಾಡಿ, ಪಿಎಚ್ ಕಾಗದದಿಂದ ಪರೀಕ್ಷಿಸಿದ ಮೇಲೆಯೇ ಮೀನನ್ನು ಬಿಡಬೇಕು.

ಕೊಳ ಸೋರುತ್ತಿದೆಯೋ ಅಥವಾ ನೀರು ಆವಿಯಾಗುತ್ತಿದೆಯೋ ಎಂಬ ಸಂಶಯ ಎಲ್ಲರಿಗೂ ಬರುತ್ತದೆ. ಇದಕ್ಕೆ ನಾವು ಬ್ಯಾಂಕ್ ಪಾಸ್‌ಬುಕ್ಕನ್ನು ತಾಳೆ ನೋಡುವಂತಹ ಒಂದು ಸರಳ ವಿಧಾನವುಂಟು. ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಗಿಡದ ಮೆಟ್ಟಿಲಿನ ಮೇಲೆ ಕೊಳದೊಳಗೇ ಇಟ್ಟು, ಪಂಪನ್ನು ನಿಲ್ಲಿಸಿ, ಬಕೆಟ್ಟಿನ ಹಾಗೂ ಕೊಳದ ಮಟ್ಟವನ್ನು ಗುರುತು ಹಾಕಬೇಕು. ಎರಡು ದಿನಗಳ ನಂತರ ಎರಡರಲ್ಲೂ ಸಮನಾಗಿ ಇಳಿದಿದ್ದರೆ ಅದು ಆವಿ. ಕೊಳದಲ್ಲಿ ಹೆಚ್ಚು ಇಳಿದಿದ್ದರೆ ವ್ಯತ್ಯಾಸವೇ ಸೋರಿಕೆ.

ನೀರು ಎಷ್ಟು ಮೀನುಗಳನ್ನು ಹೊರಬಲ್ಲದು?

ಇದೇ ಇಡೀ ವಿಷಯದ ತಿರುಳು. ಕಾಟ್ಲ, ರೋಹು, ಮೃಗಾಲ್ ಮೊದಲಾದ ಗೆಂಡೆ ಮೀನುಗಳ ಮಿಶ್ರ ಸಾಕಣೆಯಲ್ಲಿ ಸಾಮಾನ್ಯ ಕೆರೆಕೊಳಗಳಿಗೆ ಹೆಕ್ಟೇರಿಗೆ 4,000ದಿಂದ 5,000 ಬಲಿತ ಮರಿಗಳನ್ನು ಬಿಡುವುದು ವಾಡಿಕೆಯ ಪ್ರಮಾಣ. ಹೆಕ್ಟೇರೆಂದರೆ 10,000 ಚದರ ಮೀಟರ್. ನಮ್ಮ 20 ಚದರ ಮೀಟರಿಗೆ ಅನ್ವಯಿಸಿದರೆ ಬರುವುದು 8ರಿಂದ 10 ಮೀನು. ಇದನ್ನು ಕೇಳಿ ನಗುವವರೇ ಹೆಚ್ಚು. ಆದರೆ ಪಂಪಿಲ್ಲದೆ, ಶೋಧಕವಿಲ್ಲದೆ, ಗಿಡಗಳ ಮತ್ತು ಗಾಳಿಯ ಸಹಾಯದಿಂದ ಮಾತ್ರ ನಡೆಯುವ ಕೊಳ ನಿಶ್ಚಿಂತೆಯಿಂದ ಹೊರಬಲ್ಲದ್ದು ಅಷ್ಟನ್ನೇ.

ಏಕೆಂಬುದನ್ನು ಜಮಾ-ಖರ್ಚಿನ ಮೂಲಕ ನೋಡೋಣ. ಅರ್ಧ ಕಿಲೋ ತೂಗುವ 20 ಮೀನುಗಳಿವೆ ಎನ್ನಿ. ಒಟ್ಟು 10 ಕಿಲೋ. ದೇಹತೂಕದ ಶೇಕಡ 2ರಂತೆ ದಿನಕ್ಕೆ 200 ಗ್ರಾಂ ಆಹಾರ. ಅದರಲ್ಲಿ ಶೇಕಡ 30 ಪ್ರೋಟೀನ್ ಇದ್ದರೆ 60 ಗ್ರಾಂ. ಪ್ರೋಟೀನಿನ ಶೇಕಡ 16 ಸಾರಜನಕ, ಅಂದರೆ 9.6 ಗ್ರಾಂ. ಮೀನು ತನ್ನ ಮೈಗೆ ಸೇರಿಸಿಕೊಳ್ಳುವುದು ಇದರ ಮೂರನೆಯ ಒಂದು ಭಾಗದಷ್ಟು. ಉಳಿದ ಸುಮಾರು 6.5 ಗ್ರಾಂ ನೀರಿಗೆ ಸೇರುತ್ತದೆ, ಅದರ ಹೆಚ್ಚಿನ ಭಾಗ ಅಮೋನಿಯಾ ರೂಪದಲ್ಲಿ. 20,000 ಲೀಟರಿಗೆ ಹಂಚಿದರೆ ಲೀಟರಿಗೆ 0.33 ಮಿಲಿಗ್ರಾಂ. ಅಲ್ಪವೆನಿಸುತ್ತದೆ. ಆದರೆ ಖರ್ಚು ಬೀಳದ ಜಮೆ ದಿನದಿನಕ್ಕೂ ಬೆಳೆದು ವಾರಕ್ಕೆ 2 ಮಿಲಿಗ್ರಾಮನ್ನು ದಾಟುತ್ತದೆ. ಬಿಸಿ ನೀರಿನಲ್ಲಿ, ಪಿಎಚ್ ಹೆಚ್ಚಿರುವ ಕೊಳದಲ್ಲಿ ಈ ಮಟ್ಟ ಮೀನಿಗೆ ವಿಷ.

ಈ ಜಮೆಯನ್ನು ಖರ್ಚು ಹಾಕುವ ಗುಮಾಸ್ತರು ಎರಡು ಬಗೆಯ ಸೂಕ್ಷ್ಮಾಣುಗಳು. ಒಂದು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಆ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಆ ನೈಟ್ರೇಟನ್ನು ನೈದಿಲೆ, ತಾವರೆ ಮತ್ತಿತರ ಗಿಡಗಳು ಹೀರುತ್ತವೆ. ಈ ಸೂಕ್ಷ್ಮಾಣುಗಳು ಜಲ್ಲಿ, ಸ್ಪಂಜು, ತೆಂಗಿನ ನಾರು ಇಂತಹ ಶೋಧಕದ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೊಸ ಕೊಳಕ್ಕೆ ಮೊದಲ ದಿನವೇ ಐವತ್ತು ಮೀನುಗಳನ್ನು ಬಿಟ್ಟವರ ಮೀನುಗಳು ಎರಡನೆಯ ವಾರದಲ್ಲಿ ಸಾಯುವುದು ದೃಷ್ಟಿ ತಗುಲಿದ್ದರಿಂದಲ್ಲ, ಗುಮಾಸ್ತರು ಇನ್ನೂ ಕೆಲಸಕ್ಕೆ ಸೇರದ್ದರಿಂದ. ಮೊದಲು ನಾಲ್ಕೈದು ಮೀನು, ತಿಂಗಳ ನಂತರ ಮತ್ತಷ್ಟು ಎಂಬುದು ಕ್ರಮ. ಶೋಧಕವನ್ನು ನಲ್ಲಿಯ ನೀರಿನಿಂದ ತೊಳೆಯಬಾರದು. ಕ್ಲೋರಿನ್ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಕೊಳದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಕೊಳಕ್ಕೆ ಸೇರಿಸುವ ನಲ್ಲಿ ನೀರನ್ನೂ ಒಂದೆರಡು ದಿನ ತೆರೆದ ತೊಟ್ಟಿಯಲ್ಲಿ ನಿಲ್ಲಿಸಿ ಬಳಸಬೇಕು.

ಎರಡನೆಯ ಮಿತಿ ಆಮ್ಲಜನಕ. ಹಗಲಿನಲ್ಲಿ ಪಾಚಿ, ಗಿಡಗಳು ಅದನ್ನು ಕೊಡುತ್ತವೆ. ರಾತ್ರಿ ಅವೂ ಮೀನುಗಳೊಡನೆ ಪಾಲು ಕೇಳುತ್ತವೆ. ಆದ್ದರಿಂದ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಸೂರ್ಯೋದಯಕ್ಕೆ ಮುನ್ನ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುವಿಕೆ. ಅದನ್ನು ಹಸಿವೆಂದು ತಿಳಿದು ಆಹಾರ ಹಾಕುವುದು ಸಾಲಗಾರನಿಗೆ ಮತ್ತಷ್ಟು ಸಾಲ ಕೊಟ್ಟಂತೆ. ಮೋಡ ಕವಿದ ದಿನಗಳಲ್ಲಿ ಆಹಾರವನ್ನು ಅರ್ಧಕ್ಕಿಳಿಸಬೇಕು.

ಹತ್ತಕ್ಕಿಂತ ಹೆಚ್ಚು ಮೀನು ಬೇಕೆಂದರೆ ಪಂಪು ಹಗಲಿರುಳೂ ನಡೆಯಬೇಕು. 60 ವ್ಯಾಟಿನ ಚಿಕ್ಕ ಪಂಪು ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43, ವರ್ಷಕ್ಕೆ 525 ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಈ 43 ಯೂನಿಟ್ಟನ್ನು ಮರೆಯಬಾರದು. ಇನ್ನು ಫಲವೇನು? ಅದೇ 20 ಮೀನು, 10 ಕಿಲೋ. ಎಂದರೆ ಒಂದು ಕಿಲೋ ಮೀನಿಗೆ 52 ಯೂನಿಟ್ ವಿದ್ಯುತ್ತು. ಆಹಾರ, ಮರಿ, ಸವಕಳಿ ಬೇರೆ. ಹಿತ್ತಲಿನ ಕೊಳವನ್ನು ಲಾಭದ ಉದ್ಯಮವೆಂದು ಹೇಳಿ ತೊಟ್ಟಿ ಮಾರಲು ಬರುವವರ ಮುಂದೆ ಈ ಒಂದು ಭಾಗಾಕಾರವನ್ನು ಮಾಡಿ ತೋರಿಸಬೇಕು.

ಚಿಕ್ಕ ತೊಟ್ಟಿಯಲ್ಲಿ ನೂರಾರು ಮೀನುಗಳನ್ನು ಬೆಳೆಸುವ ಬಯೋಫ್ಲಾಕ್ ಪದ್ಧತಿ ಸುಳ್ಳಲ್ಲ. ಆದರೆ ಅದು ಕಾರ್ಖಾನೆಯಂತೆ ನಡೆಯಬೇಕಾದದ್ದು: ನಿರಂತರ ಗಾಳಿ, ನಿತ್ಯ ನೀರಿನ ಪರೀಕ್ಷೆ, ಬದಲಿ ವಿದ್ಯುತ್ತು. ಮೀನು ದಟ್ಟವಾಗಿರುವ ತೊಟ್ಟಿಯಲ್ಲಿ ಒಂದೆರಡು ಗಂಟೆ ವಿದ್ಯುತ್ ಕೈಕೊಟ್ಟರೆ ಇಡೀ ದಾಸ್ತಾನು ತೇಲುತ್ತದೆ. ಹಿತ್ತಲಿನ ಸಾಧಾರಣ ಕೊಳಕ್ಕೂ ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಯಂತ್ರವೊಂದು ಇರುವುದು ಕ್ಷೇಮ.

ಯಾವ ಮೀನು ಎಂಬುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ನೋಟಕ್ಕಾದರೆ ಕೊಯ್ ಗೆಂಡೆ ಅಥವಾ ಗೋಲ್ಡ್ ಫಿಷ್, ಊಟಕ್ಕಾದರೆ ರೋಹು, ಸಾಮಾನ್ಯ ಗೆಂಡೆ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆ ನಿಷೇಧಿತ, ತಿಲಾಪಿಯಾಗೆ ಇಲಾಖೆಯ ಅನುಮತಿ ಬೇಕು. ಬೇಸರವಾದ ಮೀನನ್ನಾಗಲಿ ಗಿಡವನ್ನಾಗಲಿ ಊರಿನ ಕೆರೆಗೆ ಬಿಡಕೂಡದು. ಮಿಂಚುಳ್ಳಿ, ಬೆಳ್ಳಕ್ಕಿಗಳು ವಿಳಾಸವನ್ನು ಬೇಗ ಪತ್ತೆಹಚ್ಚುತ್ತವೆ. ಮೇಲೊಂದು ಬಲೆ ಇರಲಿ. ಅಂದಹಾಗೆ, ಮೀನು ಸಾಕಿ ಮೇವು ಹಾಕುವ ಹವ್ಯಾಸ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ.

ಬೇಸಿಗೆ, ಸೊಳ್ಳೆ ಮತ್ತು ಕಾರ್ಖಾನೆಯ ನೀರು

ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ 20 ಚದರ ಮೀಟರಿನಿಂದ ದಿನಕ್ಕೆ 120 ಲೀಟರ್, ತಿಂಗಳಿಗೆ 3,600 ಲೀಟರ್ ಹೋಗುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟ, ಕಾರಂಜಿ ಮೊದಲಾದವುಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ 5,000 ರೂ. ದಂಡ ವಿಧಿಸಿದ್ದು ನೆನಪಿರಬಹುದು. ಆದ್ದರಿಂದ ಕೊಳಕ್ಕೆ ಛಾವಣಿಯ ಮಳೆನೀರನ್ನು ನಂಬುವುದು ಒಳ್ಳೆಯದು. 100 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 970 ಮಿಲಿಮೀಟರ್ ಮಳೆ ಬಿದ್ದರೆ, ಐದನೆಯ ಒಂದು ಭಾಗ ವ್ಯರ್ಥವೆಂದು ಬಿಟ್ಟರೂ 77,000 ಲೀಟರಿಗೂ ಹೆಚ್ಚು ಸಿಗುತ್ತದೆ.

ಆದರೆ ಸಣ್ಣ ಕೈಗಾರಿಕೋದ್ಯಮಿಗಳು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಸತುವಿನ ಲೇಪನವುಳ್ಳ ತಗಡಿನ ಛಾವಣಿಯಿಂದ ಹರಿಯುವ ನೀರಿನಲ್ಲಿ, ಅದರಲ್ಲೂ ಮೊದಲ ಮಳೆಯಲ್ಲಿ, ಸತುವಿನ ಅಂಶವಿರುತ್ತದೆ. ಸತು, ತಾಮ್ರ ಇವೆರಡೂ ಅತಿ ಕಡಿಮೆ ಪ್ರಮಾಣದಲ್ಲಿಯೇ ಮೀನಿಗೆ ವಿಷ. ಮೊದಲ ಮಳೆಗಳನ್ನು ಹೊರಗೆ ಬಿಡಬೇಕು, ಪಂಪಿಗೆ ಹಿತ್ತಾಳೆ, ತಾಮ್ರದ ಜೋಡಣೆಗಳನ್ನು ಹಾಕಬಾರದು. ಇನ್ನು ತ್ಯಾಜ್ಯನೀರು ಶುದ್ಧೀಕರಣ ಘಟಕದ ಕೊನೆಯ ತೊಟ್ಟಿಯಲ್ಲಿ ಮೀನು ಬಿಟ್ಟು, ನಮ್ಮ ನೀರು ಶುದ್ಧವೆಂದು ಅಧಿಕಾರಿಗಳಿಗೆ ತೋರಿಸುವ ರೂಢಿ ಕೆಲವೆಡೆ ಇದೆ. ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಹೇಳಿರುವುದು ಪ್ರಯೋಗಾಲಯದ ಪರೀಕ್ಷೆ: ಬೇರೆ ನೀರು ಬೆರೆಸದ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ನಂತರ ಶೇಕಡ 90ರಷ್ಟು ಮೀನು ಬದುಕಿರಬೇಕು. ತೊಟ್ಟಿಯಲ್ಲಿ ಈಜುವ ನಾಲ್ಕು ಮೀನು ಆ ವರದಿಗೆ ಬದಲಿಯಾಗದು.

ಸೊಳ್ಳೆಯ ವಿಷಯದಲ್ಲಿ ಮೀನಿರುವ ಕೊಳಕ್ಕಿಂತ ಮೀನಿಲ್ಲದ ಕೊಳವೇ ಅಪಾಯ. ಕಟ್ಟಿ ತುಂಬಿಸಿಟ್ಟು ಮೀನಿಗಾಗಿ ಕಾಯುವ ವಾರಗಳಲ್ಲಿ ಮರಿಹುಳುಗಳು ತುಂಬಿಕೊಳ್ಳುತ್ತವೆ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವ ಮನೆ ಮತ್ತು ವಾಣಿಜ್ಯ ಸ್ಥಳಗಳಿಗೆ ದಂಡವನ್ನು ಗೊತ್ತುಪಡಿಸಿತು. ಪಿಎಚ್ ಸರಿಯಾದ ಕೂಡಲೇ ಹತ್ತಿಪ್ಪತ್ತು ಗಪ್ಪಿ ಮೀನುಗಳನ್ನು ಬಿಟ್ಟರೆ ಅವು ಮರಿಹುಳುಗಳನ್ನು ತಿಂದುಹಾಕುತ್ತವೆ, ಸೂಕ್ಷ್ಮಾಣುಗಳ ಬೆಳವಣಿಗೆಗೂ ಅಷ್ಟು ಭಾರ ಸಾಕು.

ಲೆಕ್ಕಪುಸ್ತಕದಲ್ಲಿ ಕೊಳ

ಈಗ ಆರಂಭದ ಎರಡನೆಯ ಪ್ರಶ್ನೆಗೆ ಬರೋಣ. ಮೀನು ಸಾಕಣೆ ಕೃಷಿಯ ಜೊತೆಗೂಡಿದ ಕಸುಬೆಂದು ಬ್ಯಾಂಕುಗಳೂ ಸರ್ಕಾರದ ಯೋಜನೆಗಳೂ ಒಪ್ಪುತ್ತವೆ. ಆದರೆ ಆದಾಯ ತೆರಿಗೆಯಲ್ಲಿ ಅದು ಕೃಷಿ ಆದಾಯವಲ್ಲ. ಭೂಮಿಯನ್ನು ಉತ್ತು ಬೆಳೆದದ್ದರಿಂದ ಬಂದ ಆದಾಯಕ್ಕೆ ಮಾತ್ರ ಆ ವಿನಾಯಿತಿ. 1961ರ ಕಾಯಿದೆಯಲ್ಲಾಗಲಿ, ಅದರ ಸ್ಥಾನಕ್ಕೆಂದು ರಚಿತವಾದ 2025ರ ಕಾಯಿದೆಯಲ್ಲಾಗಲಿ ಇದರಲ್ಲಿ ವ್ಯತ್ಯಾಸವಿಲ್ಲ. ಮೀನು ಮಾರಿ ಬಂದ ಹಣ ವ್ಯಾಪಾರದ ಆದಾಯವೇ.

ಮನೆಯ ಕೊಳಕ್ಕೆ ಸಂಸ್ಥೆಯ ಹೆಸರಿನಲ್ಲಿ ಸಿಮೆಂಟು, ಪಂಪು ಕೊಂಡು ರಿಪೇರಿ ಖರ್ಚೆಂದು ಬರೆಯುವುದು ಸರ್ವೇಸಾಮಾನ್ಯವಾಗಿದೆ. ಅದು ಮಾಲೀಕರ ಸ್ವಂತ ಹಿಂಪಡೆತ. ಖರ್ಚಾಗಿ ತೋರಿಸುವಂತಿಲ್ಲ, ಜಿಎಸ್‌ಟಿ ಹೂಡುವಳಿ ಜಮೆಯೂ ಸಿಗದು. ಕಾರ್ಖಾನೆಯ ಆವರಣದಲ್ಲಿ ಕಟ್ಟಿದರೂ, ಸ್ವಂತಕ್ಕೆ ಕಟ್ಟುವ ಸ್ಥಿರ ನಿರ್ಮಾಣದ ಸಾಮಗ್ರಿಗಳ ಮೇಲಿನ ಜಮೆಗೆ ತಡೆಯಿದೆ. ಜೀವಂತ ಮೀನಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಅದರ ಸಲುವಾಗಿ ಕೊಂಡ ಸಾಮಗ್ರಿಯ ಮೇಲಿನ ತೆರಿಗೆಯೂ ಹಿಂದಿರುಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿದಿರುವುದಷ್ಟೇ ಇಲ್ಲಿ ಸಮಾಧಾನದ ವಿಷಯ. ಕೈಗಾರಿಕಾ ಪ್ರದೇಶದ ನಿವೇಶನವಾದರೆ ಮೀನು ಮಾರಾಟಕ್ಕೆ ತೊಡಗುವ ಮೊದಲು ಹಂಚಿಕೆ ಪತ್ರದ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ.

ಸಹಾಯಧನದ ಬಗ್ಗೆ ಎರಡು ಮಾತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂ. ಘಟಕ ವೆಚ್ಚವನ್ನು ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇಕಡ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಶೇಕಡ 60 ಸಹಾಯಧನವನ್ನು ಸೂಚಿಸಲಾಗಿತ್ತು. ಇದು ಮರಿ ಬೆಳೆಸಿ ಮಾರುವವರಿಗಾಗಿ. ಮನೆಯ ಅಂದಕ್ಕಾಗಿ ಕಟ್ಟುವವರಿಗಲ್ಲ. ಅರ್ಜಿ ಹಾಕುವ ವೇಳೆಗೆ ಯಾವ ಯೋಜನೆ, ಎಷ್ಟು ಹಣ ಲಭ್ಯವಿದೆ ಎಂಬುದನ್ನು ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಮಂಜೂರಾತಿ ಪತ್ರ ಕೈಗೆ ಬರುವ ಮೊದಲೇ ಕೆಲಸ ಆರಂಭಿಸಿದರೆ ಅರ್ಜಿಯೇ ತಿರಸ್ಕೃತವಾಗಬಹುದು. ಹಣ ಸಾಮಾನ್ಯವಾಗಿ ಕೆಲಸ ಮುಗಿದು ತಪಾಸಣೆಯಾದ ಮೇಲೆ ಬರುವುದರಿಂದ ಪೂರ್ತಿ ಮೊತ್ತವನ್ನು ಮೊದಲು ಕೈಯಿಂದ ಹಾಕುವ ಶಕ್ತಿಯಿರಬೇಕು. ಬಂದ ಸಹಾಯಧನವನ್ನು ಆಸ್ತಿಯ ಮೂಲಬೆಲೆಯಿಂದ ಕಳೆದು, ಉಳಿದ ಮೊತ್ತದ ಮೇಲೆ ಮಾತ್ರ ಸವಕಳಿಯನ್ನು ಲೆಕ್ಕ ಹಾಕತಕ್ಕದ್ದು.